ಆಸ್ಟ್ರೇಲಿಯಾ ಗಡಿನಾಡಿನ ಸಂಘರ್ಷ: ಸತ್ತವರ ಲೆಕ್ಕ ಒಬ್ಬೊಬ್ಬರದು ಒಂದೊಂದು, ಯಾವುದನ್ನು ಹಾಕಲಿ?

ಜ್ಞಾನಭಾರತಿ_ಎಂಎ:
ಸೆಮಿನಾರ್‌ಗೆ ಆಸ್ಟ್ರೇಲಿಯಾದ ಬಿಳಿಯ ವಲಸಿಗರು ಮತ್ತು ಮೂಲನಿವಾಸಿಗಳ ಸಂಘರ್ಷದ ಬಗ್ಗೆ ಪ್ರಬಂಧ ಮಂಡಿಸಬೇಕು. ಸತ್ತ ಮೂಲನಿವಾಸಿಗಳು ಒಂದು ಕಡೆ 20,000, ಇನ್ನೊಂದು ಕಡೆ 60,000ಕ್ಕೂ ಹೆಚ್ಚು, ಮತ್ತೊಂದು ಕಡೆ ಬರೀ 120. ಇಷ್ಟು ಅಂತರ ಯಾಕೆ ಸರ್?

ನೃಪತುಂಗರಸ್ತೆ_ಓದುಗ:
ಮೂರೂ ಒಂದೇ ಜಾಗದ ಲೆಕ್ಕವಲ್ಲ. 20,000 ಎಂಬುದು ಇತಿಹಾಸಕಾರ ಹೆನ್ರಿ ರೆನಾಲ್ಡ್ಸ್ 1981ರಲ್ಲಿ ಇಡೀ ಖಂಡಕ್ಕೆ ಕೊಟ್ಟ ಅಂದಾಜು. 60,000 ದಾಟುವುದು ಕ್ವೀನ್ಸ್‌ಲ್ಯಾಂಡ್ ಒಂದರದ್ದೇ, ರೇಮಂಡ್ ಎವಾನ್ಸ್ ಮತ್ತು ರಾಬರ್ಟ್ ಓರ್ಸ್ಟೆಡ್-ಜೆನ್ಸನ್ 2014ರಲ್ಲಿ ಮುಂದಿಟ್ಟದ್ದು. ಅಲ್ಲಿನ ನೇಟಿವ್ ಪೊಲೀಸ್ ಪಡೆಯ (ಬಿಳಿಯ ಅಧಿಕಾರಿಗಳ ಕೈಕೆಳಗೆ ಮೂಲನಿವಾಸಿ ಸಿಪಾಯಿಗಳಿದ್ದ ಸರ್ಕಾರಿ ಪಡೆ) ಕಡತಗಳು ಬಹುಪಾಲು ಉಳಿದಿಲ್ಲ. ಉಳಿದ ವರದಿಗಳಿಂದ ಗಸ್ತಿಗೆ ಎಷ್ಟು ದಾಳಿ, ದಾಳಿಗೆ ಎಷ್ಟು ಸಾವು ಎಂದು ಸರಾಸರಿ ತೆಗೆದು ಗುಣಿಸಿದ್ದಾರೆ. ಸರಾಸರಿ ಸ್ವಲ್ಪ ಆಚೀಚೆಯಾದರೂ ಮೊತ್ತ ಸಾವಿರಗಟ್ಟಲೆ ಬದಲಾಗುತ್ತೆ.

120 ಎಂದವರು ಕೀತ್ ವಿಂಡ್‌ಶಟಲ್, 2002ರಲ್ಲಿ, ಅದೂ ಟ್ಯಾಸ್ಮೇನಿಯಾಕ್ಕೆ ಮಾತ್ರ. ಬೇರೆಯವರ ಅಡಿಟಿಪ್ಪಣಿಗಳಲ್ಲಿ ಅವರು ಹಿಡಿದ ಕೆಲವು ತಪ್ಪುಗಳು ನಿಜ. ಆದರೆ ದಾಖಲೆಯಲ್ಲಿ ಸಿಕ್ಕ ಸಾವನ್ನಷ್ಟೇ ಎಣಿಸಿ ಉಳಿದದ್ದು ಆಗಿಲ್ಲ ಎಂದು ಹೊರಟರೆ, ಕೊಂದವನೇ ಬರೆದಿಟ್ಟಿರಬೇಕಾಗುತ್ತೆ. ಇದನ್ನು ನಾನು ಒಪ್ಪುವುದಿಲ್ಲ.

ನ್ಯೂ ಸೌತ್ ವೇಲ್ಸ್‌ನ ಮಯಾಲ್ ಕ್ರೀಕ್ ಹತ್ಯಾಕಾಂಡ ನೋಡಿ. 1838ರ ಜೂನ್ 10ರಂದು ಸುಮಾರು 28 ಮೂಲನಿವಾಸಿಗಳನ್ನು ಕೊಂದು ಹೆಣ ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅಲ್ಲಿನ ಸ್ಟೇಷನ್ನಿನ (ಜಾನುವಾರು ಸಾಕುವ ದೊಡ್ಡ ಜಮೀನು) ಮೇಲ್ವಿಚಾರಕ ಹಾಬ್ಸ್ ದೂರು ಕೊಟ್ಟ, ಗುಡಿಸಲು ಕಾಯುತ್ತಿದ್ದ, ಬ್ರಿಟನ್ನಿನಿಂದ ಗಡಿಪಾರಾಗಿ ಬಂದ ಕೈದಿ ಆಂಡರ್ಸನ್ ಸಾಕ್ಷಿ ಹೇಳಿದ. ಅಲ್ಲೇ ಇದ್ದ ಮೂಲನಿವಾಸಿ ಡೇವಿಯ ಸಾಕ್ಷ್ಯ ಮಾತ್ರ ಕೋರ್ಟಿನಲ್ಲಿ ನಡೆಯಲಿಲ್ಲ, ಕ್ರೈಸ್ತನಲ್ಲದವನು ಪ್ರಮಾಣ ಮಾಡುವಂತಿಲ್ಲ ಅಂತ. ಮೊದಲ ವಿಚಾರಣೆಯಲ್ಲಿ ಎಲ್ಲರೂ ಖುಲಾಸೆ, ಎರಡನೆಯದರಲ್ಲಿ ಏಳು ಜನಕ್ಕೆ ಗಲ್ಲು. ಹಾಬ್ಸ್, ಆಂಡರ್ಸನ್ ಬಾಯಿಬಿಡದಿದ್ದರೆ ಈ 28 ಯಾರ ಪಟ್ಟಿಯಲ್ಲೂ ಇರುತ್ತಿರಲಿಲ್ಲ.

ಜ್ಞಾನಭಾರತಿ_ಎಂಎ:
ಹಾಗಾದ್ರೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಹತ್ಯಾಕಾಂಡ ಮ್ಯಾಪಿನ ಮೊತ್ತ ಹಾಕಬಹುದಾ?

ಹಳೆಕಡತ:
ಹಾಕಿ, ಆದರೆ ಅದನ್ನು ಸಂಘರ್ಷದ ಒಟ್ಟು ಸಾವು ಅನ್ನಬೇಡಿ. ಮ್ಯಾಪ್ ಮಾಡಿದ ಇತಿಹಾಸಕಾರ್ತಿ ಲಿಂಡಲ್ ರಯಾನ್ ತಂಡ ಒಂದೇ ಕಾರ್ಯಾಚರಣೆಯಲ್ಲಿ ರಕ್ಷಣೆಯಿಲ್ಲದ ಆರು ಅಥವಾ ಹೆಚ್ಚು ಜನ ಸತ್ತಿದ್ದರೆ ಮಾತ್ರ ಸೇರಿಸಿದೆ. ಇಪ್ಪತ್ತು ಜನರ ಗುಂಪಿನಲ್ಲಿ ಆರು ಜನ ಹೋದರೆ ಆ ಗುಂಪು ಉಳಿಯೋದು ಕಷ್ಟ, ಅದಕ್ಕೇ ಆ ಮಿತಿ. ಒಬ್ಬಿಬ್ಬರನ್ನು ಗುಂಡಿಕ್ಕಿದ್ದು ಮ್ಯಾಪಿಗೆ ಬರಲ್ಲ. ಪ್ರತಿ ಘಟನೆಗೂ ಸಾಕ್ಷ್ಯದ ಬಲ ಸೂಚಿಸುವ ನಕ್ಷತ್ರಗಳಿವೆ, ಒಂದರಿಂದ ಮೂರು. ಅದನ್ನೂ ಬರೆಯಿರಿ.

ಟೇಬಲ್ ಮಾಡುವುದಾದರೆ ಪ್ರತಿ ಅಂಕಿಯ ಪಕ್ಕ ಪ್ರದೇಶ, ಕಾಲಾವಧಿ, ಎಣಿಸಿದ್ದೋ ಅಂದಾಜೋ ಎಂಬ ಮೂರು ಕಾಲಂ ಇರಲಿ. ಹಳೆಯ ಪತ್ರಿಕೆಗಳು ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹಳೆಯ ಅಚ್ಚನ್ನು ಕಂಪ್ಯೂಟರ್ ತಪ್ಪಾಗಿ ಓದಿರುತ್ತೆ, ಮೂಲ ಪುಟದ ಚಿತ್ರ ನೋಡದೆ ಉಲ್ಲೇಖಿಸಬೇಡಿ.

ಲಾವಣಿಪ್ರಿಯ:
1968ರಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನರ್ ತಮ್ಮ ರೇಡಿಯೋ ಉಪನ್ಯಾಸಗಳಲ್ಲಿ ಆಸ್ಟ್ರೇಲಿಯಾದ ಇತಿಹಾಸಕಾರರು ಮೂಲನಿವಾಸಿಗಳ ಬಗ್ಗೆ ತಾಳಿದ್ದ ಮೌನವನ್ನೇ ಪ್ರಶ್ನಿಸಿದ್ದರು, ಅಲ್ಲಿಂದ ಶುರುಮಾಡಿ. ಮೌಖಿಕ ಸಾಕ್ಷ್ಯ ಬೇಡ ಎಂದು ಯಾರಾದರೂ ತಗಾದೆ ತೆಗೆದರೆ, ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ ಹಲಗಲಿ ಬೇಡರ ಲಾವಣಿ ನೆನಪಿಸಿ. ಸರ್ಕಾರಿ ಕಡತಕ್ಕೆ ಅದು ಬರೀ ದಂಗೆ. ಆಯುಧ ಕಿತ್ತುಕೊಂಡಾಗ ಊರಿಗೆ ಏನನ್ನಿಸಿತು ಎಂಬುದು ಲಾವಣಿಯಲ್ಲೇ ಇದೆ.