ಬೇರೆ ಬೇರೆ ಕಿಟ್‌ಗಳ ರ‍್ಯಾಮ್ ಒಟ್ಟಿಗೆ ಹಾಕಬಹುದೇ?

ಪ್ರಶ್ನೆ:
ನನ್ನ ಡೆಸ್ಕ್‌ಟಾಪ್‌ನಲ್ಲಿ ರೈಜೆನ್ 5 5600 ಪ್ರೊಸೆಸರ್ ಮತ್ತು ನಾಲ್ಕು ಸ್ಲಾಟ್‌ಗಳ ಬಿ450 ಮದರ್‌ಬೋರ್ಡ್ ಇವೆ. 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್‌ಗಳು 3200 ವೇಗದಲ್ಲಿ, ಸಿಎಲ್16ರಲ್ಲಿ (ಡೇಟಾ ಕೊಡುವ ಮೊದಲು ರ‍್ಯಾಮ್ ಕಾಯಿಸುವ ಗಡಿಯಾರ ಚಕ್ರಗಳ ಎಣಿಕೆ) ತೊಂದರೆಯಿಲ್ಲದೆ ಓಡುತ್ತಿವೆ. ವಿಡಿಯೊ ಎಡಿಟಿಂಗ್‌ಗೆ 16 ಜಿಬಿ ಸಾಲುತ್ತಿಲ್ಲವಾದ್ದರಿಂದ ಅದೇ ಮಾದರಿಯ ಇನ್ನೊಂದು ಕಿಟ್ ತಂದು ಸೇರಿಸಬೇಕೆಂದಿದ್ದೇನೆ. ಈಗಿನ ವೇಗ ಉಳಿಯುವುದೇ, ಅಥವಾ ಹಳೆಯದನ್ನು ಮಾರಿ 16 ಜಿಬಿಯ ಎರಡು ಸ್ಟಿಕ್‌ಗಳಿರುವ ಕಿಟ್ ಕೊಳ್ಳುವುದು ಲೇಸೇ?

ಉತ್ತರ 1:
ನಾಲ್ಕೂ ಸ್ಟಿಕ್‌ಗಳೊಂದಿಗೆ ಯಂತ್ರ ಬೂಟ್ ಆಗುವ ಸಾಧ್ಯತೆಯೇ ಹೆಚ್ಚು; ಆದರೆ ಅವು 3200ರಲ್ಲಿ ಸ್ಥಿರವಾಗಿ ನಿಲ್ಲುತ್ತವೆಂದು ಯಾರೂ ಖಾತರಿ ಕೊಡಲಾರರು. ಪೆಟ್ಟಿಗೆಯ ಮೇಲಿನ ಆ ಅಂಕಿ, ಅದರೊಳಗಿನ ಎರಡು ಸ್ಟಿಕ್‌ಗಳನ್ನು ಜೊತೆಯಾಗಿ ಪರೀಕ್ಷಿಸಿ ಎಕ್ಸ್‌ಎಂಪಿ ಪ್ರೊಫೈಲ್‌ನಲ್ಲಿ (ರ‍್ಯಾಮ್‌ನ ಹೆಚ್ಚಿನ ವೇಗದ ಸಿದ್ಧ ಸೆಟ್ಟಿಂಗ್) ಬರೆದಿಟ್ಟದ್ದು. ಮಾದರಿ ಸಂಖ್ಯೆ ಒಂದೇ ಇದ್ದರೂ ಒಂದು ಕಿಟ್‌ನಲ್ಲಿ ಸ್ಯಾಮ್‌ಸಂಗ್ ಚಿಪ್, ಮತ್ತೊಂದರಲ್ಲಿ ಹೈನಿಕ್ಸ್ ಅಥವಾ ಮೈಕ್ರಾನ್ ಚಿಪ್ ಇರಬಹುದು. ಸಿಎಲ್16 ಎರಡರಲ್ಲೂ ಹೊಂದಿದರೂ ಟಿಆರ್‌ಎಫ್‌ಸಿಯಂಥ (ಚಿಪ್ ರಿಫ್ರೆಶ್ ಆಗಲು ಹಿಡಿಯುವ ಸಮಯ) ಒಳ ಟೈಮಿಂಗ್‌ಗಳಲ್ಲಿ ತಕರಾರು ಹುಟ್ಟುವುದು ಇಲ್ಲಿಯೇ. ನಿಮ್ಮಲ್ಲಿರುವುದು ಯಾರ ಚಿಪ್ ಎಂಬುದನ್ನು ಯಂತ್ರದ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ಮೊದಲು ನೋಡಿಕೊಳ್ಳಿ.

ಉತ್ತರ 2:
ಮೇಲಿನ ಮಾತು ಸರಿ. ಆದರೆ ಚಿಪ್‌ಗಳು ಹೊಂದಿದರೂ ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ ಮೇಲಿನ ಹೊರೆ ತಪ್ಪುವುದಿಲ್ಲ. ರೈಜೆನ್ 5000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ಮಿತಿ ಎರಡು ಸ್ಟಿಕ್‌ಗಳಿಗೆ 3200, ನಾಲ್ಕು ಸಿಂಗಲ್ ರ‍್ಯಾಂಕ್ (ಒಂದೇ ಗುಂಪಿನ ಚಿಪ್‌ಗಳಿರುವ) ಸ್ಟಿಕ್‌ಗಳಿಗೆ 2933, ನಾಲ್ಕು ಡ್ಯುಯಲ್ ರ‍್ಯಾಂಕ್‌ಗೆ (ಎರಡು ಗುಂಪಿನವು) 2667. ಈ ಮಿತಿಯನ್ನು ದಾಟಿ ಓಡಿಸುವ ಬೋರ್ಡ್‌ಗಳು ಎಷ್ಟೋ ಇವೆ, ಆದರೆ ಅದನ್ನು ನಂಬಿ ಹಣ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಂತರದ ತಲೆಮಾರಿನ ಡಿಡಿಆರ್5 ರ‍್ಯಾಮ್‌ನಲ್ಲಂತೂ ಈ ಅಂತರ ಇನ್ನೂ ದೊಡ್ಡದು: ರೈಜೆನ್ 7000ದಲ್ಲಿ ಎರಡು ಸ್ಟಿಕ್‌ಗಳಿಗೆ 5200 ಇದ್ದದ್ದು ನಾಲ್ಕಾದಾಗ 3600ಕ್ಕೆ ಇಳಿಯುತ್ತದೆ. ಸೇರಿಸುವುದೇ ಆದರೆ ಹಳೆಯ ಜೋಡಿ ಎ2 ಮತ್ತು ಬಿ2 ಸ್ಲಾಟ್‌ಗಳಲ್ಲೇ ಇರಲಿ, ಹೊಸ ಜೋಡಿಯನ್ನು ಎ1 ಮತ್ತು ಬಿ1ಕ್ಕೆ ಹಾಕಿ.

ಉತ್ತರ 3:
ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಬೂಟ್ ಮಾಡಿ, ಬಳಿಕ 2933ಕ್ಕೆ ಏರಿಸಿ, ಅಲ್ಲಿ ಗಟ್ಟಿಯಾಗಿ ನಿಂತರೆ ಮಾತ್ರ 3200 ಪ್ರಯತ್ನಿಸಿ. ಪ್ರತಿ ಹಂತದಲ್ಲೂ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಲಿ. ಒಂದೇ ಒಂದು ದೋಷ ಕಂಡರೂ ಆ ವೇಗವನ್ನು ಕೈಬಿಡಿ. ವಿಂಡೋಸ್ ಸರಿಯಾಗಿ ಓಡುತ್ತಿರುವಂತೆ ಕಂಡರೂ ರೆಂಡರ್ ಆದ ವಿಡಿಯೊ ಕಡತ ಸದ್ದಿಲ್ಲದೆ ಕೆಟ್ಟಿರಬಹುದು. ಹಳೆಯ ಕಿಟ್‌ಗೆ ಒಳ್ಳೆಯ ಬೆಲೆ ಸಿಗುವಂತಿದ್ದರೆ ನಾನಂತೂ 16 ಜಿಬಿಯ ಜೋಡಿಯನ್ನೇ ಕೊಳ್ಳುತ್ತೇನೆ. ಇಲ್ಲವಾದರೆ, ಹೊಂದದಿದ್ದಲ್ಲಿ ವಾಪಸ್ ಪಡೆಯುವ ಅಂಗಡಿಯಿಂದ ಮಾತ್ರ ಎರಡನೆಯ ಕಿಟ್ ತನ್ನಿ.