ರೈಜೋಬಿಯಂ ಸವರಿದರೂ ತೊಗರಿಯಲ್ಲಿ ವ್ಯತ್ಯಾಸವಿಲ್ಲ, ಬಳಸಿದವರು ತಿಳಿಸಿ

ಪ್ರಶ್ನೆ (ಆಳಂದದ ತೊಗರಿ ಬೆಳೆಗಾರ): ಕಳೆದ ಮುಂಗಾರಿನಲ್ಲಿ ತೊಗರಿ ಬೀಜಕ್ಕೆ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾದ ಪುಡಿ) ಸವರಿ ಬಿತ್ತಿದೆ. ಸವರದ ಸಾಲುಗಳಿಗೂ ಇದಕ್ಕೂ ಅಂತರವೇ ತಿಳಿಯಲಿಲ್ಲ. ಈ ಸಲ ಶೇಂಗಾಕ್ಕೂ ಹಾಕುವ ಯೋಚನೆಯಿದೆ. ಪೊಟ್ಟಣದ ದುಡ್ಡು ದಂಡವೇ?

ಬೀದರ್ ಕಡೆಯ ಸೋಯಾ ಬೆಳೆಗಾರ: ಅಣ್ಣಾ, ಗಿಡ ಅಗೆದು ಬೇರು ನೋಡಿದ್ದೀರಾ? ಹೂ ಬಿಡುವ ಮೊದಲೇ ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ, ನೀರಿನಲ್ಲಿ ಅದ್ದಿ ತೊಳೆಯಿರಿ. ಕೈಯಿಂದ ಎಳೆದರೆ ಗಂಟುಗಳು ನೆಲದಲ್ಲೇ ಉಳಿಯುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪಿದ್ದರೆ ಕೆಲಸ ನಡೆಯುತ್ತಿದೆ. ಬಿಳಿ, ಹಸಿರು ಇದ್ದರೆ ಇಲ್ಲ. ತೊಗರಿ, ಅಲಸಂದೆ, ಹೆಸರು, ಶೇಂಗಾ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಳಗದ ಬ್ಯಾಕ್ಟೀರಿಯಾ ಜೊತೆ ಕೂಡುತ್ತವೆ. ತಲೆಮಾರುಗಳಿಂದ ತೊಗರಿ ಕಂಡ ಹೊಲದಲ್ಲಿ ಅವು ಮೊದಲೇ ಬೀಡುಬಿಟ್ಟಿರುತ್ತವೆ, ಪೊಟ್ಟಣದಿಂದ ಬಂದವು ಅವುಗಳ ಜೊತೆ ಪೈಪೋಟಿಗಿಳಿಯಬೇಕು. ಸವರದ ಸಾಲಿನಲ್ಲೂ ಕೆಂಪು ಗಂಟು ಸಿಕ್ಕರೆ ಅದೇ ಕಾರಣ. ಸೋಯಾ ಹಾಗಲ್ಲ. ಅದಕ್ಕೆ ಬೇಕಾದ ಬ್ರ್ಯಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಹೊಸ ಹೊಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೊದಲ ಸಲ ಬಿತ್ತುವಾಗ ಸವರಲೇಬೇಕು.

ಚಳ್ಳಕೆರೆಯ ಶೇಂಗಾ ಬೆಳೆಗಾರ್ತಿ: ಪೊಟ್ಟಣದಲ್ಲಿರುವುದು ಜೀವ ಎಂಬುದನ್ನೇ ಅಂಗಡಿಯವರು ಮರೆಯುತ್ತಾರೆ. ಬಿಸಿಲಿಗೆ ಕಾದ ತಗಡಿನ ಕೆಳಗೆ ಪೇರಿಸಿಟ್ಟದ್ದನ್ನು ನಾನು ಮುಟ್ಟುವುದಿಲ್ಲ. ಅವಧಿಯ ದಿನಾಂಕ ನೋಡಿ. ಕಾಯಿಸಿದ ಬೆಲ್ಲದ ನೀರು ಪೂರ್ತಿ ತಣ್ಣಗಾದ ಮೇಲೆ ಪುಡಿ ಕಲಸಿ, ಸಿಪ್ಪೆ ಸುಲಿಯದಂತೆ ಮೆಲ್ಲಗೆ ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿ. ಶಿಲೀಂಧ್ರನಾಶಕ ಹಾಕುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಯೂರಿಯಾ ಸುರಿದರೆ ಗಂಟು ಕಟ್ಟುವುದು ಕಡಿಮೆಯಾಗುತ್ತದೆ. ಸಾರಜನಕ ಪುಕ್ಕಟೆ ಸಿಗುವಾಗ ಬ್ಯಾಕ್ಟೀರಿಯಾವನ್ನು ಸಾಕುವ ಖರ್ಚು ಗಿಡಕ್ಕೇಕೆ?

ಧಾರವಾಡದಲ್ಲಿ ಕೃಷಿ ಓದುತ್ತಿರುವವ: ಅಕ್ಕನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ತೊಗರಿಯ ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕವನ್ನು ಸ್ರವಿಸಿ ಕರೆಯುತ್ತದೆ. ಬ್ಯಾಕ್ಟೀರಿಯಾ ಮರುಸಂಕೇತ ಕಳಿಸಿದಾಗ ಬೇರುಗೂದಲು ಸುರುಳಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ; ಅಲ್ಲಿಂದ ಸಣ್ಣ ಕೊಳವೆಯೊಂದು ಬೇರಿನೊಳಕ್ಕೆ ದಾರಿ ಮಾಡುತ್ತದೆ. ಶೇಂಗಾದಲ್ಲಿ ಈ ಉಪಚಾರವೇ ಇಲ್ಲ! ಕವಲುಬೇರು ಹೊರಬರುವ ಕಡೆ ಉಂಟಾಗುವ ಬಿರುಕಿನಿಂದ ಬ್ಯಾಕ್ಟೀರಿಯಾ ನೇರ ನುಗ್ಗುತ್ತದೆ. ಅದಕ್ಕೇ ಗಂಟುಗಳು ಕವಲಿನ ಬುಡದಲ್ಲೇ ಕೂತಿರುತ್ತವೆ, ಅಲ್ಲಿ ಹುಡುಕಿ. ಜೋಳಕ್ಕೆ ಹಾಕುವ ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾ ಗಂಟು ಕಟ್ಟುವುದೇ ಇಲ್ಲ, ಬೇರಿನ ಮೇಲೂ ಹೊರಪದರದಲ್ಲೂ ನೆಲೆಸುತ್ತದೆ.

ತೀರ್ಥಹಳ್ಳಿಯಿಂದ: ಬೇರಿಲ್ಲದ ಗಿಡಗಳದ್ದೂ ಇದೇ ಸಂಸಾರ. ಹಾವಸೆಯ ಹತ್ತಿರದ ಬಂಧು ಆಂಥೊಸೆರಾಸ್ ಮಳೆಗಾಲದಲ್ಲಿ ತೇವದ ದರೆಯ ಮೇಲೆ ಹಸಿರು ಹಾಳೆಯಂತೆ ಹರಡುತ್ತದೆ. ಅದನ್ನು ಭೂತಗನ್ನಡಿಯಲ್ಲಿ ನೋಡಿ, ಒಳಗೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಗುಂಪುಗಳು. ಸಾರಜನಕ ಸಾಲದಾದಾಗ ಗಿಡ ಸಂಕೇತ ಬಿಡುತ್ತದೆ, ನಾಸ್ಟಾಕ್‌ನ ಚಲಿಸುವ ಎಳೆಗಳು ಲೋಳೆ ತುಂಬಿದ ಸೀಳುಗಳಿಂದ ಒಳಹೊಕ್ಕು ನೆಲೆಸುತ್ತವೆ. ಯಾವ ಪೊಟ್ಟಣವೂ ಬೇಕಿಲ್ಲ.

ಪ್ರಶ್ನೆ ಕೇಳಿದವರು: ಶೇಂಗಾ ಹಾಕುವ ಹೊಲದಲ್ಲಿ ಹಿಂದೆ ಬರೀ ಕಬ್ಬು ಇತ್ತು, ಹಾಗಾಗಿ ಸವರಿಯೇ ಬಿತ್ತುತ್ತೇನೆ. ನಡುವೆ ನಾಲ್ಕು ಸಾಲು ಹಾಗೇ ಬಿಟ್ಟು, ಎರಡೂ ಕಡೆ ಅಗೆದು ನೋಡಿ ಇಲ್ಲೇ ತಿಳಿಸುತ್ತೇನೆ.