ಮನೆಯಲ್ಲಿ ಇಬ್ಬರಿಗೆ ಕ್ಯಾಲ್ಸಿಯಂ ಜಾಸ್ತಿ: ಆಪರೇಷನ್ನಿಗೆ ಮುಂಚೆ ಜೀನ್ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ

ನನಗೆ 34 ವರ್ಷ. ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ 11.1 ಬಂತು. ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್) ಲ್ಯಾಬಿನ ಮಿತಿಯೊಳಗೇ ಇದೆ, ಮೇಲಿನ ಅಂಚಿನಲ್ಲಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಆದರೂ ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆಸಿಬಿಡಿ ಅಂದಿದ್ದಾರೆ. ನನಗೆ ಹೆದರಿಕೆ ಯಾಕೆಂದರೆ, ಐದು ವರ್ಷದ ಹಿಂದೆ ಅಕ್ಕನಿಗೆ ಇದೇ ಆಪರೇಷನ್ ಆಗಿತ್ತು. ಒಂದು ಗ್ರಂಥಿ ತೆಗೆದರು, ಕ್ಯಾಲ್ಸಿಯಂ ಮಾತ್ರ ಇಳಿಯಲೇ ಇಲ್ಲ. ಈಗ ಇನ್ನೊಬ್ಬ ಡಾಕ್ಟರು ಜೀನ್ ಟೆಸ್ಟ್ ಮಾಡಿಸಿ ನೋಡೋಣ ಅಂತಾರೆ. ಅದರಿಂದ ಏನಾದರೂ ಉಪಯೋಗ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಅಣ್ಣನಿಗೂ ನನಗೂ ಎಫ್‌ಎಚ್‌ಎಚ್

ನಿಮ್ಮ ಅಕ್ಕನಿಗೆ ಆದದ್ದೇ ನಮ್ಮಣ್ಣನಿಗೂ ಆಯಿತು. ಅವನಿಗೆ ಎರಡು ಸಲ ಕತ್ತು ಕೊಯ್ದರು. ಎರಡು ಸಲವೂ ಕ್ಯಾಲ್ಸಿಯಂ ಎಲ್ಲಿತ್ತೋ ಅಲ್ಲೇ ಬಂದು ನಿಂತಿತು. ಕೊನೆಗೆ ಗೊತ್ತಾದದ್ದು ಫ್ಯಾಮಿಲಿಯಲ್ ಹೈಪೋಕ್ಯಾಲ್ಸಿಯೂರಿಕ್ ಹೈಪರ್‌ಕ್ಯಾಲ್ಸೀಮಿಯಾ. ಇಷ್ಟುದ್ದದ ಹೆಸರು ಯಾರಿಗೂ ಬಾಯಿಗೆ ಬರಲ್ಲ, ಎಲ್ಲರೂ ಎಫ್‌ಎಚ್‌ಎಚ್ ಅಂತಾರೆ.

ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಥೈರಾಯ್ಡಿನ ಹಿಂದೆ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಅವು ಪಿಟಿಎಚ್ ಬಿಡುತ್ತವೆ, ಜಾಸ್ತಿಯಾದರೆ ನಿಲ್ಲಿಸುತ್ತವೆ. ಎಷ್ಟಿದೆ ಅಂತ ಅಳೆಯುವುದಕ್ಕೆ ಅವುಗಳ ಮೈಮೇಲೆ ಒಂದು ತಕ್ಕಡಿ ಇದೆ, ಕ್ಯಾಲ್ಸಿಯಂ ಸೆನ್ಸಿಂಗ್ ರಿಸೆಪ್ಟರ್ ಅಂತ. ಅದನ್ನು ಮಾಡುವ ಜೀನ್ ಸಿಎಎಸ್‌ಆರ್, 3ನೇ ಕ್ರೋಮೋಸೋಮಿನಲ್ಲಿದೆ. ಆ ಜೀನಿನಲ್ಲಿ ಒಂದು ಅಕ್ಷರ ತಪ್ಪಿದರೂ ಸಾಕು, ತಕ್ಕಡಿಯ ಮುಳ್ಳು ಸ್ವಲ್ಪ ಆಚೆ ಸರಿದುಬಿಡಬಹುದು. ಆಗ ಗ್ರಂಥಿಗೆ 11 ಅನ್ನುವುದೇ ಸರಿಯಾದ ತೂಕ. ಗ್ರಂಥಿ ಹಾಳಾಗಿಲ್ಲ, ಅಳತೆ ಬೇರೆ ಅಷ್ಟೇ. ಒಂದು ಗ್ರಂಥಿ ತೆಗೆದರೆ ಉಳಿದ ಮೂರೂ ಅದೇ ತಕ್ಕಡಿಯಲ್ಲಿ ತೂಗುತ್ತವೆ. ಕ್ಯಾಲ್ಸಿಯಂ ಮತ್ತೆ 11ಕ್ಕೇ ಬರುತ್ತದೆ. ನಾಲ್ಕನ್ನೂ ತೆಗೆದರೆ ಜೀವನಪೂರ್ತಿ ಕ್ಯಾಲ್ಸಿಯಂ ಕಡಿಮೆಯಾಗಿ ಮಾತ್ರೆಯ ಮೇಲೇ ಇರಬೇಕು. ಇದ್ದದ್ದಕ್ಕಿಂತ ಅದೇ ದೊಡ್ಡ ಕಾಯಿಲೆ!

ಇದೇ ತಕ್ಕಡಿ ಕಿಡ್ನಿಯಲ್ಲೂ ಇದೆ. ಗುಟ್ಟು ಬಿಟ್ಟುಕೊಡುವುದು ಅದೇ. ಸಾಮಾನ್ಯವಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ನಮ್ಮಂಥವರ ಕಿಡ್ನಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಜೀನ್ ಟೆಸ್ಟಿಗಿಂತ ಮೊದಲು 24 ಗಂಟೆಯ ಮೂತ್ರ ಪರೀಕ್ಷೆ ಮಾಡಿಸಿ. ಬೆಳಿಗ್ಗೆ ಮೊದಲ ಸಲದ್ದನ್ನು ಚೆಲ್ಲಬೇಕು. ಆಮೇಲೆ ಮರುದಿನ ಬೆಳಿಗ್ಗೆಯ ಮೊದಲ ಸಲದ್ದೂ ಸೇರಿ ಒಂದು ಹನಿ ಬಿಡದೆ ಕ್ಯಾನಿನಲ್ಲಿ ಹಿಡಿಯಬೇಕು. ನಾನು ಮೊದಲ ಸಲ ಮಧ್ಯಾಹ್ನ ಮರೆತು, ಲ್ಯಾಬಿಗೆ ಹೇಳದೆ ಸುಮ್ನೆ ಕೊಟ್ಟುಬಿಟ್ಟೆ. ವರದಿಗೆ ಅರ್ಥವೇ ಇರಲಿಲ್ಲ, ಮತ್ತೆ ಮಾಡಬೇಕಾಯಿತು.

ಅದೇ ದಿನ ರಕ್ತವನ್ನೂ ಕೊಡಿ. ಮೂತ್ರದ ಕ್ಯಾಲ್ಸಿಯಮ್ಮನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ. ರಕ್ತದ ಕ್ಯಾಲ್ಸಿಯಮ್ಮನ್ನು ಮೂತ್ರದ ಕ್ರಿಯಾಟಿನಿನ್‌ನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಾಲ್ಕೂ ಒಂದೇ ಅಳತೆಯಲ್ಲಿರಬೇಕು. ನನ್ನದು 6 ಗುಣಿಸು 0.8, ಭಾಗಿಸು 11 ಗುಣಿಸು 100. ಬಂದದ್ದು ಸುಮಾರು 0.004. ಇದು 0.01ಕ್ಕಿಂತ ಕಡಿಮೆ ಇದ್ದರೆ ಎಫ್‌ಎಚ್‌ಎಚ್ ಕಡೆ ವಾಲುತ್ತದೆ, 0.02 ದಾಟಿದರೆ ಗ್ರಂಥಿಯ ಗಡ್ಡೆಯ ಕಡೆ. ನಡುವೆ ಬಂದರೆ ಎರಡೂ ಇರಬಹುದು, ಅಂಥವರಿಗೇ ಜೀನ್ ಟೆಸ್ಟ್ ಹೆಚ್ಚು ಉಪಯೋಗ. ವಿಟಮಿನ್ ಡಿ ಕಡಿಮೆ ಇದ್ದರೆ, ಥಯಾಜೈಡ್ (ಒಂದು ಬಗೆಯ ಬಿಪಿ ಮಾತ್ರೆ) ಅಥವಾ ಲಿಥಿಯಂ (ಮಾನಸಿಕ ಕಾಯಿಲೆಗೆ ಕೊಡುವುದು) ತೆಗೆದುಕೊಳ್ಳುತ್ತಿದ್ದರೆ ಲೆಕ್ಕ ತಪ್ಪುತ್ತದೆ, ಡಾಕ್ಟರಿಗೆ ಮೊದಲೇ ಹೇಳಿ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಇನ್ನೊಂದು ಕೆಲಸ, ಇದಕ್ಕೆ ಖರ್ಚೇ ಇಲ್ಲ. ಹಳೆಯ ವರದಿಗಳನ್ನೆಲ್ಲ ಹುಡುಕಿ. ಎಫ್‌ಎಚ್‌ಎಚ್ ಹುಟ್ಟಿನಿಂದಲೇ ಇರುತ್ತದೆ. ಹತ್ತು ವರ್ಷದ ಹಿಂದೆ ನಿಮ್ಮ ಕ್ಯಾಲ್ಸಿಯಂ 9.4 ಇತ್ತು ಅಂದರೆ ಇದು ಅದಲ್ಲ ಅನ್ನುವುದಕ್ಕೆ ಒಳ್ಳೆಯ ಸುಳಿವು.

ಜೀನ್ ಟೆಸ್ಟ್ ಮಾಡಿಸುವುದಾದರೆ ಸಿಎಎಸ್‌ಆರ್ ಒಂದನ್ನೇ ನೋಡಿ ಬಿಡಬೇಡಿ. ಅಣ್ಣನದ್ದು ಮೊದಲು ನೆಗೆಟಿವ್ ಬಂದಿತ್ತು. ಆಮೇಲೆ ಪ್ಯಾನೆಲ್ ಮಾಡಿಸಿದಾಗ ಎಪಿ2ಎಸ್1 ಅನ್ನುವ ಜೀನಿನಲ್ಲಿ ಸಿಕ್ಕಿತು. ತಕ್ಕಡಿ ಸರಿಯಾಗಿಯೇ ಇತ್ತು, ಅದನ್ನು ಜೀವಕೋಶದ ಒಳಗೆ ಎಳೆದುಕೊಳ್ಳುವ ಪ್ರೋಟೀನಿನಲ್ಲಿ ತೊಂದರೆ. ಮೂರನೆಯದು ಜಿಎನ್‌ಎ11, ತಕ್ಕಡಿಯ ಸಂದೇಶವನ್ನು ಒಳಗೆ ಮುಟ್ಟಿಸುವುದು. ಮೂರೂ ಒಟ್ಟಿಗೆ ಇರುವ ಪ್ಯಾನೆಲ್ ಕೇಳಿ.

ಅಪ್ಪನಿಗೆ ಮೆನ್-1

ಮೇಲಿನವರು ಹೇಳಿದ್ದು ಸರಿ. ಆದರೆ ಅದನ್ನು ಓದಿ "ಹಾಗಾದರೆ ಆಪರೇಷನ್ ಬೇಡ" ಅಂತ ಕೂತುಬಿಡಬೇಡಿ. ನಮ್ಮ ಮನೆಯಲ್ಲೂ ಕ್ಯಾಲ್ಸಿಯಂ ಜಾಸ್ತಿ, ಕಾರಣ ಮಾತ್ರ ಬೇರೆ. ಮೆನ್-1 ಅನ್ನುವುದು 11ನೇ ಕ್ರೋಮೋಸೋಮಿನ ಜೀನ್, 1997ರಲ್ಲಿ ಪತ್ತೆಯಾದದ್ದು. ಗಡ್ಡೆ ಬೆಳೆಯದಂತೆ ತಡೆಯುವುದು ಅದರ ಕೆಲಸ. ಅದು ಕೆಟ್ಟರೆ ಪ್ಯಾರಾಥೈರಾಯ್ಡ್, ಪ್ಯಾಂಕ್ರಿಯಾಸ್, ಪಿಟ್ಯುಟರಿ ಮೂರರಲ್ಲೂ ಗಡ್ಡೆ ಬರಬಹುದು, ಆ ಕಾಯಿಲೆಗೂ ಅದೇ ಹೆಸರು. ಅಪ್ಪನಿಗೆ ಮೊದಲು ಕಿಡ್ನಿ ಕಲ್ಲು, ಆಮೇಲೆ ವಾಸಿಯಾಗದ ಹೊಟ್ಟೆಯ ಹುಣ್ಣು. ಎರಡಕ್ಕೂ ಬೇರೆ ಬೇರೆ ಡಾಕ್ಟರ ಹತ್ತಿರ ವರ್ಷಗಟ್ಟಲೆ ಓಡಾಡಿದೆವು. ಎರಡೂ ಒಂದೇ ದಾರದ ಎರಡು ತುದಿ ಅಂತ ಯಾರಿಗೂ ಹೊಳೆಯಲಿಲ್ಲ, ನಮಗೂ ಅಷ್ಟೇ.

ಮೆನ್-1 ಇದ್ದವರಿಗೆ ಆಪರೇಷನ್ ಬೇಕಾಗುತ್ತದೆ. ಆದರೆ ರೀತಿಯೇ ಬೇರೆ. ನಾಲ್ಕೂ ಗ್ರಂಥಿ ದೊಡ್ಡದಾಗಿರುವುದರಿಂದ ಒಂದನ್ನು ತೆಗೆದರೆ ಸಾಲದು, ಸಾಮಾನ್ಯವಾಗಿ ಮೂರು ಅಥವಾ ಮೂರೂವರೆ ತೆಗೆಯುತ್ತಾರೆ. ಇದು ಸರ್ಜನ್ನಿಗೆ ಮೊದಲೇ ಗೊತ್ತಿರಬೇಕು. ಮೂವತ್ತರ ಒಳಗೇ ಪ್ಯಾರಾಥೈರಾಯ್ಡ್ ತೊಂದರೆ ಬಂದರೆ ಡಾಕ್ಟರುಗಳು ಇದನ್ನು ಹುಡುಕುತ್ತಾರೆ. ನಿಮ್ಮ ಅಕ್ಕನಿಗೆ ಎಷ್ಟು ವಯಸ್ಸಿನಲ್ಲಿ ಬಂತು?

ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್, ಅಥವಾ ಇದ್ದಕ್ಕಿದ್ದಂತೆ ಬಿಪಿ ಏರಿ ಬೆವರುವುದು ಇದ್ದರೆ ಅದನ್ನೂ ಹೇಳಿ. ಅದು ರೆಟ್ ಅನ್ನುವ ಇನ್ನೊಂದು ಜೀನಿನಿಂದ ಬರುವ ಮೆನ್-2 ಕಾಯಿಲೆ ಇರಬಹುದು. ಅದರಲ್ಲಿ ಅಡ್ರಿನಲ್ (ಕಿಡ್ನಿಯ ಮೇಲಿರುವ ಗ್ರಂಥಿ) ಗಡ್ಡೆ ಇದೆಯಾ ಅಂತ ನೋಡದೆ ಅರಿವಳಿಕೆ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಟೆಸ್ಟಿನಿಂದ ಉಪಯೋಗ ಇದೆಯಾ ಅಂತ ಕೇಳಿದಿರಿ. ಅಪ್ಪನ ಜೀನಿನಲ್ಲಿ ತಪ್ಪು ಎಲ್ಲಿದೆ ಅಂತ ಗೊತ್ತಾದ ಮೇಲೆ ನಮ್ಮ ಮೂವರಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿದರು. ನನಗೆ ಇದೆ, ತಮ್ಮನಿಗೆ ಇದೆ, ತಂಗಿಗೆ ಇಲ್ಲ. ನಾವಿಬ್ಬರೂ ಪ್ರತಿ ವರ್ಷ ರಕ್ತ ಕೊಡುತ್ತೇವೆ, ಆಗಾಗ ಸ್ಕ್ಯಾನ್ ಮಾಡಿಸುತ್ತೇವೆ. ತಂಗಿಗೆ ಅದ್ಯಾವುದೂ ಬೇಡ. ವರದಿ ಬಂದ ದಿನ ಮೂವರಲ್ಲಿ ಜಾಸ್ತಿ ಅತ್ತವಳು ಅವಳೇ.

ಮಗನಿಗೆ ಕ್ಯಾಲ್ಸಿಯಂ ಕಡಿಮೆ

ನಮ್ಮದು ಉಲ್ಟಾ ಕಥೆ, ಆದರೆ ಜೀನ್ ಅದೇ ಸಿಎಎಸ್‌ಆರ್. ಮಗನ ತಕ್ಕಡಿ ವಿಪರೀತ ಚುರುಕು. ಕ್ಯಾಲ್ಸಿಯಂ 7 ಇದ್ದರೂ ಸಾಕಷ್ಟಿದೆ ಅಂದುಕೊಂಡು ಪಿಟಿಎಚ್ ಬಿಡುವುದಿಲ್ಲ. ಮೊದಲು ಫಿಟ್ಸ್ ಬಂತು. ಅಪಸ್ಮಾರ ಅಂತ ಆರು ತಿಂಗಳು ಮಾತ್ರೆ ನುಂಗಿಸಿದೆವು. ಆಮೇಲೆ ಯಾರೋ ಕ್ಯಾಲ್ಸಿಯಂ ನೋಡಿದರು. ಕಡಿಮೆ ಅಂತ ಗೊತ್ತಾದ ಮೇಲೆ ನಾರ್ಮಲ್ ಆಗುವವರೆಗೂ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರು. ನಂಬರ್ ಚೆನ್ನಾಗಿ ಬಂತು, ನಮಗೂ ಖುಷಿ. ಆದರೆ ಆ ಕ್ಯಾಲ್ಸಿಯಂ ಎಲ್ಲ ಮೂತ್ರದಲ್ಲಿ ಸುರಿದು ಕಿಡ್ನಿಯಲ್ಲಿ ಸುಣ್ಣದ ಹಾಗೆ ಕಟ್ಟಿಕೊಂಡಿತು. ಜೀನ್ ಟೆಸ್ಟ್ ಆದ ಮೇಲೆ ಗುರಿಯೇ ಬದಲಾಯಿತು. ಈಗ ಮಿತಿಗಿಂತ ಸ್ವಲ್ಪ ಕೆಳಗೇ ಇಡುತ್ತಾರೆ, ಜುಮ್ಮೆನ್ನದೆ, ಫಿಟ್ಸ್ ಬರದೆ ಇದ್ದರೆ ಸಾಕು. ನನಗೂ ಅವನ ಅಪ್ಪನಿಗೂ ಈ ಬದಲಾವಣೆ ಇಲ್ಲ, ಅವನಲ್ಲೇ ಹೊಸದಾಗಿ ಆದದ್ದು. ಹಾಗಾಗಿ "ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ" ಅನ್ನುವ ಮಾತನ್ನು ಯಾರೂ ಜಾಸ್ತಿ ನಂಬಬೇಡಿ.

ಕೈಬೆರಳು ಗಿಡ್ಡ, ಕ್ಯಾಲ್ಸಿಯಂ ಸರಿ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ನಮ್ಮಲ್ಲಿ ತೊಂದರೆ ಇರುವ ಜೀನ್ 20ನೇ ಕ್ರೋಮೋಸೋಮಿನ ಜಿಎನ್‌ಎಎಸ್. ನನಗೆ ಅಪ್ಪನಿಂದ ಬಂತು. ಕುಳ್ಳಗಿದ್ದೇನೆ, ಮುಷ್ಟಿ ಕಟ್ಟಿದರೆ ನಾಲ್ಕನೇ ಗೆಣ್ಣು ಒಳಗೆ ಹೋಗುತ್ತದೆ. ಹಾರ್ಮೋನ್ ಎಲ್ಲ ಸರಿ. ಅದೇ ಬದಲಾವಣೆ ತಾಯಿಯಾದ ನನ್ನಿಂದ ಮಗಳಿಗೆ ಹೋದಾಗ ಪಿಟಿಎಚ್ ಏರಿತು, ಕ್ಯಾಲ್ಸಿಯಂ ಇಳಿಯಿತು, ಥೈರಾಯ್ಡೂ ಕೈಕೊಟ್ಟಿತು. ಈ ಜೀನಿನಲ್ಲಿ ತಾಯಿಯಿಂದ ಬಂತಾ ತಂದೆಯಿಂದ ಬಂತಾ ಅನ್ನುವುದರ ಮೇಲೆ ಕಾಯಿಲೆ ನಿಂತಿದೆ. ಕಿಡ್ನಿಯಲ್ಲಿ ಪಿಟಿಎಚ್ ಸಂದೇಶ ಮುಟ್ಟುವ ಭಾಗದಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಈ ಜೀನಿನ ತಾಯಿಯ ಪ್ರತಿ. ಆದ್ದರಿಂದ ಮನೆಯವರನ್ನು ನೋಡುವಾಗ ಅಮ್ಮನ ಕಡೆ, ಅಪ್ಪನ ಕಡೆ ಎರಡನ್ನೂ ಬರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕನ ಫೈಲ್ ಪೂರ್ತಿ ತಿರುವಿ ಹಾಕಿದೆ, 24 ಗಂಟೆಯ ಮೂತ್ರ ಪರೀಕ್ಷೆ ಅದರಲ್ಲಿ ಇಲ್ಲವೇ ಇಲ್ಲ. ಅವಳಿಗೆ ಬಂದದ್ದು 36ನೇ ವಯಸ್ಸಿನಲ್ಲಿ, ಕಿಡ್ನಿ ಕಲ್ಲು ಯಾವತ್ತೂ ಆಗಿಲ್ಲ. ನನ್ನದು ಮಾಡಿಸಿದೆ, 0.006. ಆಪರೇಷನ್ ಸದ್ಯಕ್ಕೆ ನಿಲ್ಲಿಸಿದ್ದೇವೆ. ಸಿಎಎಸ್‌ಆರ್‌ನಲ್ಲಿ ಒಂದು ಬದಲಾವಣೆ ಸಿಕ್ಕಿದೆ. ಆದರೆ ವರದಿಯಲ್ಲಿ "ಅರ್ಥ ಸ್ಪಷ್ಟವಿಲ್ಲ" ಅಂತ ಬರೆದಿದ್ದಾರೆ. ಇದನ್ನು ಏನಂತ ತಿಳಿಯಬೇಕು? ಮಗು ಮಾಡಿಕೊಳ್ಳುವ ಯೋಚನೆಯೂ ಇದೆ, ಅದಕ್ಕೆ ಕೇಳುತ್ತಿದ್ದೇನೆ.

ಅಣ್ಣನಿಗೂ ನನಗೂ ಎಫ್‌ಎಚ್‌ಎಚ್

ಅಂಥ ವರದಿ ಬಂದರೆ ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಅಕ್ಕ, ಅಮ್ಮ, ಅಪ್ಪ, ಆಗುವುದಾದರೆ ಚಿಕ್ಕಮ್ಮ, ಚಿಕ್ಕಪ್ಪ, ಎಲ್ಲರ ಕ್ಯಾಲ್ಸಿಯಂ ನೋಡಿಸಿ, ಆ ಒಂದು ಬದಲಾವಣೆಯನ್ನೂ ನೋಡಿಸಿ. ಕ್ಯಾಲ್ಸಿಯಂ ಜಾಸ್ತಿ ಇದ್ದವರಲ್ಲೆಲ್ಲ ಅದು ಇದ್ದು, ಸರಿಯಾಗಿದ್ದವರಲ್ಲಿ ಇಲ್ಲದಿದ್ದರೆ ತೂಕ ಆ ಕಡೆ ಬರುತ್ತದೆ. ಲ್ಯಾಬಿನವರು ವರ್ಷ ಎರಡು ವರ್ಷ ಬಿಟ್ಟು ಮತ್ತೆ ಪರಿಶೀಲಿಸುತ್ತಾರಾ ಅಂತಲೂ ಕೇಳಿ.

ಮಗುವಿನ ವಿಷಯ. ನಿಮ್ಮದು ಎಫ್‌ಎಚ್‌ಎಚ್ ಅಂತಲೇ ಆದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ನಿಮ್ಮ ಹಾಗೇ ಇರುತ್ತದೆ. ಬರದಿದ್ದರೇ ಮೊದಲ ದಿನಗಳಲ್ಲಿ ಹುಷಾರಾಗಿರಬೇಕು. ಹೊಟ್ಟೆಯೊಳಗೆ ನಿಮ್ಮ ಹೆಚ್ಚಿನ ಕ್ಯಾಲ್ಸಿಯಂ ಕಂಡು ಮಗುವಿನ ಗ್ರಂಥಿ ಮಲಗಿಬಿಟ್ಟಿರುತ್ತದೆ, ಹುಟ್ಟಿದ ಮೇಲೆ ಕೂಡಲೇ ಏಳುವುದಿಲ್ಲ. ಆಗ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರಬಹುದು. ನಿಮ್ಮ ಯಜಮಾನರ ಕ್ಯಾಲ್ಸಿಯಂ ಕೂಡ ಒಂದು ಸಲ ನೋಡಿಸಿಬಿಡಿ, ಸಂಬಂಧದಲ್ಲೇ ಮದುವೆಯಾಗಿದ್ದರಂತೂ ಖಂಡಿತ. ಇಬ್ಬರಲ್ಲೂ ಇದ್ದರೆ ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಬಂದರೆ ಹುಟ್ಟಿದ ಕೂಡಲೇ ಕ್ಯಾಲ್ಸಿಯಂ ವಿಪರೀತ ಏರಬಹುದು, ಅದು ತುರ್ತು ಚಿಕಿತ್ಸೆಯ ವಿಷಯ.

ನಮ್ಮ ಅತ್ತಿಗೆಯ ಹೆರಿಗೆಯಲ್ಲಿ ಮಗುವಿನ ಡಾಕ್ಟರಿಗೆ ಅಣ್ಣನ ವರದಿಯ ಒಂದು ಪ್ರತಿ ಮೊದಲೇ ಕೊಟ್ಟಿದ್ದೆವು. ನೀವೂ ನಿಮ್ಮದನ್ನು ಹೆರಿಗೆ ಫೈಲಿನ ಮೊದಲ ಪುಟಕ್ಕೇ ಪಿನ್ ಮಾಡಿ ಇಡಿ.